ಚರಗದ ಹೊಲಕ್ಕೆ ಕಜಕಸ್ತಾನದ ನೆಂಟರು

ಕಾಡಿಲ್ಲ, ಬೆಟ್ಟವಿಲ್ಲ, ಸಫಾರಿ ಜೀಪಿಲ್ಲ. ಕಣ್ಣು ಹಾಯುವವರೆಗೂ ತೊಗರಿ, ಜೋಳ, ಎರೆಮಣ್ಣು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಈ ಬಯಲನ್ನು ‘ಏನೂ ಇಲ್ಲದ ಸೀಮೆ’ ಎಂದವರು ಒಂದು ವರ್ಷ ಇಲ್ಲಿ ಕ್ಯಾಮೆರಾ ಹಿಡಿದು ಬದುವಿನ ಮೇಲೆ ಕೂರಬೇಕು!

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಹೊಲವೊಂದರಲ್ಲಿ ಜೋಳದ ದಂಟು ಕಟ್ಟಿ ನಿಲ್ಲಿಸಿದ ಪುಟ್ಟ ಕೊಂಪೆ. ಒಳಗೆ ಸುಣ್ಣ ಬಳಿದ ಐದು ಕಲ್ಲುಗಳು. ಇವತ್ತಿನ ಮಟ್ಟಿಗೆ ಅವೇ ಪಾಂಡವರು. ಪೂಜೆ ಮುಗಿದಿದೆ. ಮನೆಯ ಹಿರಿಯರು ಬುಟ್ಟಿ ಹೊತ್ತು ಸಾಲಿನಗುಂಟ ಹೊರಟಿದ್ದಾರೆ, ಹಿಂದೆ ತಂಬಿಗೆ ಹಿಡಿದ ಮೊಮ್ಮಗ. ಭಜ್ಜಿ, ಸಜ್ಜಿ ಕಡುಬು, ಅನ್ನ ಕಲೆಸಿದ ಎಡೆ ಹಿಡಿಹಿಡಿಯಾಗಿ ತೊಗರಿ ಸಾಲಿನ ನಡುವೆ ಬೀಳುತ್ತಿದೆ. ಅಜ್ಜ ಕೂಗುತ್ತಾರೆ, ಮೊಮ್ಮಗ ಓಗೊಟ್ಟು ನೀರು ಚಿಮುಕಿಸುತ್ತಾನೆ. ಭೂಮ್ತಾಯಿಯ ಉಡಿ ತುಂಬುವ ದಿನ ಇದು. ನಮ್ಮ ಕಡೆ ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ.

ನಾನು ಬದುವಿನ ಬಾರಿ ಗಿಡದ ನೆರಳಿನಲ್ಲಿ ಕಂಬಳಿ ಹೊದ್ದು ಕೂತಿದ್ದೇನೆ. ಕಂಬಳಿಯ ಸಂದಿಯಿಂದ ಲೆನ್ಸಿನ ಮೂತಿ ಮಾತ್ರ ಹೊರಗಿದೆ.

ಜನ ಕೊಂಪೆಯ ಕಡೆ ಊಟಕ್ಕೆ ತಿರುಗಿದ್ದೇ ತಡ, ಮೊದಲು ಇಳಿದಿದ್ದು ಕಾಜಾಣ. ಸೀಳುಬಾಲ ಅಲ್ಲಾಡಿಸುತ್ತ ತೊಗರಿಯ ತುದಿಗೆ ಕೂತು ಅತ್ತಿತ್ತ ನೋಡಿತು. ಅದರ ಹಿಂದೆಯೇ ಗೊರವಂಕಗಳ ಗದ್ದಲ, ಆಮೇಲೆ ಒಂದೊಂದೇ ಹೆಜ್ಜೆ ಎಣಿಸುತ್ತ ಬಂದ ಬೆಳ್ಳಕ್ಕಿಗಳು. ಕಡುಬಿನ ಚೂರು ಅರ್ಧ ತಿಂದ ಗೊರವಂಕವೊಂದು ಅದನ್ನು ಅಲ್ಲೇ ಬಿಟ್ಟು ತೊಗರಿ ಗಿಡಕ್ಕೆ ಹಾರಿತು. ಕೊಕ್ಕಿನ ತುದಿಯಲ್ಲಿ ಹಸಿರು ಕೀಡಿ ಹೊರಳಾಡುತ್ತಿತ್ತು.

ಅಷ್ಟರಲ್ಲಿ ಹೊಲ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಪೂರ್ವದ ಬದುವಿನಿಂದ, ತೊಗರಿ ತಲೆಗೆ ಹೊಟ್ಟೆ ತಾಗುವಷ್ಟು ಕೆಳಗೆ, ಬೂದಿ ಬಣ್ಣದ ಹಕ್ಕಿಯೊಂದು ತೇಲುತ್ತ ಬಂತು. ನೀಳ ರೆಕ್ಕೆ, ರೆಕ್ಕೆಯ ತುದಿಗೆ ಮಸಿ ಅದ್ದಿದಂಥ ಕಪ್ಪು. ಎರಡು ಬಾರಿ ಬಡಿದು, ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು, ಗಾಳಿಯ ಮೇಲೆ ಜಾರಿ, ಹೊಲದ ಕೊನೆಯಲ್ಲಿ ಹೊರಳಿ ಮತ್ತೊಂದು ಸಾಲು ಹಿಡಿಯಿತು. ರೈತ ಹೊಲ ಹೊಡೆದ ಹಾಗೆ, ಸಾಲು ಬಿಡದೆ.

ಮಾಂಟೆಗು ಸೆಳೆವ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಹುಟ್ಟಿ, ಸಾವಿರಾರು ಕಿಲೋಮೀಟರ್ ಹಾರಿ, ನಮ್ಮ ತೊಗರಿ ಹೊಲಕ್ಕೆ ಚಳಿಗಾಲ ಕಳೆಯಲು ಬಂದ ನೆಂಟ.

ಚೆಲ್ಲಿದ ಅನ್ನ, ಸಿಕ್ಕ ಕೀಡಿ

ಕಲಬುರಗಿಗೆ ತೊಗರಿಯ ಕಣಜ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ತೊಗರಿಗೆ ಅಂಟಿದ ಶನಿ ಹಸಿರು ಕಾಯಿಕೊರಕ. ಪತಂಗ ಹೂವಿನ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಕೀಡಿ ಕಾಯಿಗೆ ತೂತು ಕೊರೆದು, ಅರ್ಧ ಮೈ ಒಳಗೆ, ಅರ್ಧ ಮೈ ಹೊರಗೆ ಇಟ್ಟುಕೊಂಡು ಕಾಳು ತಿನ್ನುತ್ತದೆ.

ಹೊರಗಿರುವ ಆ ಅರ್ಧ ಮೈಯೇ ಹಕ್ಕಿಗಳ ಪಾಲು.

ಕೀಡಿಯ ಹಾವಳಿ ಏರುವ ಹೊತ್ತಿಗೇ ಎಳ್ಳ ಅಮಾವಾಸ್ಯೆ ಬರುತ್ತದೆ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿ ಅನ್ನದ ಜೊತೆ ಕೀಡಿಯನ್ನೂ ಹೆಕ್ಕುತ್ತದೆ. ಕೃಷಿ ವಿಜ್ಞಾನಿಗಳು ಇವತ್ತು ಹೇಳುವುದೂ ಇದನ್ನೇ: ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡಿ, ಸಾಲಿನ ನಡುವೆ ಚುರುಮುರಿ ಚೆಲ್ಲಿ, ಗಿಡ ಅಲುಗಿಸಿ ಕೀಡಿ ಉದುರಿಸಿ. ಚರಗ ಶುರು ಮಾಡಿದ ಹಿರಿಯರಿಗೆ ಕೀಟಶಾಸ್ತ್ರ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಹೊಲ ತಮ್ಮೊಬ್ಬರದೇ ಅಲ್ಲ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾಜಾಣ, ಗೊರವಂಕ ಕೀಡಿ ತಿಂದರೆ, ಕಳ್ಳಿಪೀರ ಹಾರುವ ಪತಂಗವನ್ನೇ ಗಾಳಿಯಲ್ಲಿ ಹಿಡಿಯುತ್ತದೆ. ತಂತಿಯ ಮೇಲೆ ಧ್ಯಾನಕ್ಕೆ ಕೂತಂತಿರುವ ನೀಲಕಂಠ ಮಿಡತೆಗೆ ಕಾದಿರುತ್ತದೆ. ಈ ನೀಲಕಂಠ ನಮ್ಮ ರಾಜ್ಯಪಕ್ಷಿ. ಬನ್ನಿ ಹಬ್ಬದ ದಿನ ಕಂಡರೆ ಶುಭ ಎಂದು ಅದನ್ನು ಹುಡುಕಿಕೊಂಡು ಹೊಲದ ದಾರಿ ಹಿಡಿದವರು ನಮ್ಮವರೇ. ಕೂತಾಗ ಕಂದು ಮುದ್ದೆ. ರೆಕ್ಕೆ ಬಿಚ್ಚಿದರೆ ಎರೆಹೊಲದ ಮೇಲೆ ಯಾರೋ ಎರಡು ನೀಲಿಗಳನ್ನು ಒಟ್ಟಿಗೆ ಎರಚಿದಂತೆ.

ಸಂಜೆ ಆರರ ಹುಲ್ಲುಬಯಲು

ಹಗಲಿಡೀ ಒಂಟಿಯಾಗಿ ತಿರುಗುವ ಸೆಳೆವಗಳು ಹೊತ್ತು ಮುಳುಗುವಾಗ ಒಂದೆಡೆ ಸೇರುತ್ತವೆ. ಮರದ ಮೇಲಲ್ಲ, ನೆಲದ ಮೇಲೆ. ಮೊಣಕಾಲೆತ್ತರದ ಹುಲ್ಲು ಬೇಕು, ದನಕುರಿ ಪೂರ್ತಿ ಮೇದಿರಬಾರದು, ರಾತ್ರಿ ಜನ ಸುಳಿಯಬಾರದು. ಅಂಥ ಹುಲ್ಲು ಇವತ್ತು ಉಳಿದಿರುವುದು ಊರ ದನ ಮೇಯುವ ಗಾಯರಾಣದಲ್ಲಿ, ಬಿತ್ತದೆ ಬಿಟ್ಟ ಮರಡಿಯಲ್ಲಿ. ನಾನು ಹೋಗುವ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಫೋಟೊಗಾಗಿ ಹತ್ತು ಬೈಕು ಬಂದರೆ ಹನ್ನೊಂದನೆಯ ದಿನ ಅಲ್ಲಿ ಸೆಳೆವ ಇಳಿಯುವುದಿಲ್ಲ.

ಸೂರ್ಯ ಕೆಂಪಾದ ಮೇಲೆ ಅವು ಬರತೊಡಗುತ್ತವೆ. ಒಂದು ಜೋಳದ ಹೊಲದ ಕಡೆಯಿಂದ, ಇನ್ನೊಂದು ಕುಸುಬಿಯ ಮೇಲಿಂದ. ಇಳಿಯುವ ಮೊದಲು ಹುಲ್ಲಿನ ಮೇಲೆ ಸುತ್ತು ಹಾಕುತ್ತವೆ, ಒಂದನ್ನೊಂದು ತಡವುತ್ತವೆ, ಇಳಿದದ್ದು ಮತ್ತೆ ಏಳುತ್ತದೆ. ಬೆಳಕು ಹೋಗುತ್ತ ಹೋಗುತ್ತ ಕ್ಯಾಮೆರಾಗೆ ಕೆಲಸವಿಲ್ಲದಂತಾಗುತ್ತದೆ. ಆಗ ಎಣಿಸುವುದೊಂದೇ ಕೆಲಸ. ನೋಟ್‌ಬುಕ್ಕಿನಲ್ಲಿ ಐದೈದರ ಗೆರೆ.

ಬೆಳಗ್ಗೆ ಅವು ಎದ್ದುಹೋದ ಮೇಲೆ ಆ ಹುಲ್ಲಿನಲ್ಲಿ ಕೂತು ಹುಡುಕಿದರೆ ಬೆರಳುದ್ದದ ಬೂದು ಉಂಡೆಗಳು ಸಿಗುತ್ತವೆ. ಅರಗದ ಪದಾರ್ಥವನ್ನು ಹಕ್ಕಿ ಹೀಗೆ ಉಂಡೆ ಕಟ್ಟಿ ಉಗುಳುತ್ತದೆ. ಒಂದನ್ನು ಅಂಗೈಯಲ್ಲಿಟ್ಟು ಕಡ್ಡಿಯಿಂದ ಬಿಡಿಸಿದೆ. ಮಿಡತೆಯ ಗರಗಸದಂಥ ಹಿಂಗಾಲುಗಳು, ಹೊಳೆಯುವ ದವಡೆ ಚೂರುಗಳು, ಒಂದು ಎಳೆ ಇಲಿಗೂದಲು. ಬೇರೆ ಏನೂ ಇಲ್ಲ. ಒಂದೇ ಉಂಡೆಯಲ್ಲಿ ಎಷ್ಟು ಮಿಡತೆಯ ಕಾಲು! ಪಕ್ಕದಲ್ಲಿ ನಿಂತ ಕುರಿಗಾಹಿ ಬಗ್ಗಿ ನೋಡಿ, ‘ಇದು ನಮ್ಮ ಹೊಲದ ಕೆಲ್ಸ ಮಾಡಲತ್ತದಲ್ರಿ’ ಅಂದ. ಆ ಒಂದು ಮಾತಿಗೆ ನನ್ನ ಹತ್ತು ಫೋಟೊಗಳೂ ಸಮವಲ್ಲ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸಂಗಡಿಗರು ಸೆಳೆವಗಳ ಬೆನ್ನಿಗೆ ಪುಟ್ಟ ಉಪಗ್ರಹ ಸಾಧನ ಕಟ್ಟಿ ಅವುಗಳ ದಾರಿಯನ್ನು ಹಿಂಬಾಲಿಸಿದ್ದಾರೆ. ದಖ್ಖನ್ನಿನಿಂದ ಎದ್ದ ದಾರಿ ಕಜಕಸ್ತಾನದವರೆಗೆ ಹೋಗುತ್ತದೆ. ಇಲ್ಲಿ ಒಂದು ಗಾಯರಾಣ ಕರಗಿದರೆ ಅಲ್ಲಿಯ ಒಂದು ಗೂಡು ಖಾಲಿಯಾಗಬಹುದು ಎಂಬುದು ನಕ್ಷೆಯ ಮೇಲೆ ಕಾಣುವ ಸಂಗತಿ.

> ಸೆಳೆವ: ಗುರುತು ಹಿಡಿಯುವುದು ಹೀಗೆ
>
> ಹದ್ದಿನಂತೆ ಎತ್ತರದಲ್ಲಿ ಸುತ್ತುವುದು ಕಡಿಮೆ. ನೆಲಕ್ಕೆ ತೀರಾ ಹತ್ತಿರ, ಸಾಲು ಹಿಡಿದು ಹಾರಾಟ. ತೇಲುವಾಗ ರೆಕ್ಕೆಗಳು ಮೇಲಕ್ಕೆತ್ತಿದ ತೋಳಿನ ಹಾಗೆ.
>
> ಮಾಂಟೆಗು ಗಂಡಿಗೆ ಬೂದಿ ಮೈ, ಕಪ್ಪು ರೆಕ್ಕೆತುದಿ, ರೆಕ್ಕೆಯ ಮೇಲೊಂದು ಕಪ್ಪು ಪಟ್ಟಿ. ಆ ಪಟ್ಟಿಯಿಲ್ಲದೆ ಇನ್ನೂ ಬಿಳಿಚಿದ್ದರೆ ಅದು ಬಿಳಿ ಸೆಳೆವ. ಹೆಣ್ಣುಗಳು ಕಂದು, ಬಾಲದ ಬುಡ ಬಿಳಿ. ಎರಡೂ ಜಾತಿಯ ಹೆಣ್ಣುಗಳನ್ನು ಬಿಡಿಸಿ ಹೇಳುವುದು ಪಳಗಿದವರಿಗೂ ಕಷ್ಟ.
>
> ಮುಖ ಗೂಬೆಯಂತೆ ತಟ್ಟೆಯಾಕಾರ. ಹುಲ್ಲಿನೊಳಗಿನ ಇಲಿಯ ಸದ್ದನ್ನು ಕಿವಿಗೆ ತಲುಪಿಸಲು ಅದು ನೆರವಾಗುತ್ತದೆ.
>
> ಜಗತ್ತಿನ ಅತಿ ದೊಡ್ಡ ಸೆಳೆವ ತಂಗುದಾಣಗಳಲ್ಲಿ ಒಂದು ಗುಜರಾತಿನ ವೇಳಾವದರ್.

ಕವಣೆ ಹಿಡಿದವರ ಕಣ್ಣು

ಸಂಕ್ರಾಂತಿ ಕಳೆದು ಬಿಳಿಜೋಳ ಹಾಲುಗಾಳಾದರೆ ಸೀತನಿಯ ಕಾಲ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲ, ಶೇಂಗಾ ಹಿಂಡಿಯ ಜೊತೆ ಮುಕ್ಕುವ ಕಾಲ. ಆ ರುಚಿ ನಮಗೆ ಎಷ್ಟು ಗೊತ್ತೋ ಗುಲಾಬಿ ಕಬ್ಬಕ್ಕಿಗೂ ಅಷ್ಟೇ ಗೊತ್ತು.

ಅವು ಬರುವುದು ಮೋಡದ ಹಾಗೆ. ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ನೂರಾರು ಹಕ್ಕಿ ಒಟ್ಟಿಗೆ ಹೊರಳಿದರೆ ಆಕಾಶದಲ್ಲಿ ಹಾಸಿಗೆ ಝಾಡಿಸಿದಂತೆ. ಇಡೀ ಹಿಂಡು ಜೋಳದ ಮೇಲೆ ಇಳಿದರೆ ತೆನೆಗಳು ಬಾಗುತ್ತವೆ. ಅದಕ್ಕೇ ಹೊಲದ ನಡುವೆ ಅಟ್ಟ, ಅಟ್ಟದ ಮೇಲೆ ಕವಣೆ, ಡಬ್ಬಿಯ ಬಡಿತ, ಗಂಟಲು ಹರಿಯುವ ಕೂಗು.

ಈ ಸೀಮೆಯ ಮೊದಲ ಪಕ್ಷಿವೀಕ್ಷಕರು ಕವಣೆ ಹಿಡಿದವರೇ ಎಂದು ನನಗೆ ಅನಿಸುತ್ತದೆ. ಯಾವ ಹಕ್ಕಿ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ ಬರುತ್ತದೆ, ಯಾವುದು ತೆನೆ ತಿನ್ನುತ್ತದೆ, ಯಾವುದು ಹುಳಕ್ಕೆ ಬಂದಿದೆ, ಇವೆಲ್ಲ ಅವರಿಗೆ ಬಾಯಿಪಾಠ. ಗಿಣಿ ಬೆಳಗಿನದು, ಗುಬ್ಬಿ ಇಡೀ ದಿನದ್ದು, ಬುರ್ಲಿ ಬುಡದಲ್ಲಿ ಉದುರಿದ್ದನ್ನು ಹೆಕ್ಕುವುದು. ಈ ತಿಳಿವಳಿಕೆಯನ್ನು ಯಾರೂ ಬರೆದಿಟ್ಟಿಲ್ಲ. ಜೋಳ ಹೋಗಿ ಅದರ ಜಾಗದಲ್ಲಿ ತೊಗರಿ, ಹತ್ತಿ, ಅಫಜಲಪುರದ ಕಡೆ ಕಬ್ಬು ಬಂದ ಮೇಲೆ ಅಟ್ಟಗಳೂ ಇಳಿದವು. ಅಟ್ಟದ ಜೊತೆ ಆ ಕಣ್ಣೂ ಹೋಗುತ್ತಿದೆ.

ಗುಲಾಬಿ ಕಬ್ಬಕ್ಕಿಯ ಇನ್ನೊಂದು ಮುಖ ಹೇಳಬೇಕು. ಅದು ಮರಿ ಮಾಡುವುದು ಮಧ್ಯ ಏಷ್ಯಾದಲ್ಲಿ, ಮಿಡತೆ ಏಳುವ ಹುಲ್ಲುಗಾಡಿನಲ್ಲಿ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಮಿಡತೆ ಹತೋಟಿಗೆಂದು ಈ ಹಕ್ಕಿಗೆ ಕಲ್ಲು ಪೇರಿಸಿ ಗೂಡಿನ ನೆಲೆ ಕಟ್ಟಿಕೊಡುತ್ತಾರೆ. ಅಲ್ಲಿ ಮರಿಗಳಿಗೆ ಮಿಡತೆ ಉಣಿಸಿದ ಹಕ್ಕಿಯೇ ಇಲ್ಲಿ ನಮ್ಮ ಸೀತನಿಗೆ ಬಾಯಿ ಹಾಕುತ್ತದೆ. ಇಲ್ಲಿಯೂ ಅದು ಹುಳ ಬಿಡುವುದಿಲ್ಲ. ಜೋಳ ಕೊಯ್ದ ಮೇಲೆ ಕೊಯ್ಲಿನ ಹೊಲದಲ್ಲಿ ಅವು ನಡೆಯುವುದನ್ನು ನೋಡಿದರೆ ತಿಳಿಯುತ್ತದೆ.

ಭೀಮೆಯ ಮರಳಿನ ಮೇಲೆ

ಹೋಳಿ ದಾಟಿದರೆ ಬಿಸಿಲಿಗೆ ಹಲ್ಲು ಬರುತ್ತದೆ. ಸೆಳೆವಗಳು ಮಾರ್ಚ್ ಕೊನೆಯ ಹೊತ್ತಿಗೆ ಒಂದೊಂದೇ ಕಾಣೆಯಾಗುತ್ತವೆ. ಹೊಲ ಬರಿದಾಗಿ ಎರೆ ಬಾಯಿ ಬಿಡುತ್ತದೆ. ಸೀಳಿನೊಳಗೆ ಮೊಣಕೈವರೆಗೆ ತೋಳು ಇಳಿಸಬಹುದು. ಈಗ ನೋಡಬೇಕಾದ್ದು ನದಿ.

ಭೀಮಾ ನದಿಯ ಒಟ್ಟು ಉದ್ದ 861 ಕಿಲೋಮೀಟರ್. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ಜಲಾಶಯ ದಾಟಿ, ಅಫಜಲಪುರ, ಜೇವರ್ಗಿಯ ಅಂಚು ತೊಳೆದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಆಳಂದದ ಕೋರಳ್ಳಿ ಬಳಿ ಅಣೆಕಟ್ಟಿಗೆ ಸಿಕ್ಕ ಅಮರ್ಜಾ ದೇವಲ ಗಾಣಗಾಪುರದಲ್ಲಿ ಇದನ್ನು ಕೂಡುತ್ತದೆ. ದತ್ತನ ದರ್ಶನಕ್ಕೆ ಬಂದವರು ಸಂಗಮದಲ್ಲಿ ಮುಳುಗು ಹಾಕಿ ಏಳುವಾಗ ತಲೆಯ ಮೇಲೆ ಚೀರುತ್ತ ಹಾಯುವ ಬಿಳಿ ಹಕ್ಕಿಯನ್ನು ನೋಡಿರುತ್ತಾರೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ಅದು ರೀವ.

ನೀರು ಇಳಿದು ಮರಳ ದಿಬ್ಬ, ಬಂಡೆ ಹೊರಬಿದ್ದಾಗ ರೀವ ಮೊಟ್ಟೆ ಇಡುತ್ತದೆ. ಗೂಡೆಂದರೆ ಮರಳಿನಲ್ಲಿ ಎದೆಯಿಂದ ಒತ್ತಿದ ಒಂದು ತಗ್ಗು. ಸುತ್ತ ನೀರಿದ್ದರೆ ನಾಯಿ, ನರಿ ಬರುವುದಿಲ್ಲ ಎಂಬುದೇ ಅದರ ಲೆಕ್ಕ. ನೀರು ಪೂರ್ತಿ ಬತ್ತಿದರೆ, ಅಥವಾ ಮೇಲಿನಿಂದ ಒಮ್ಮೆಲೇ ನೀರು ಬಿಟ್ಟರೆ, ಅಥವಾ ಮರಳಿನ ಟ್ರ್ಯಾಕ್ಟರ್ ದಿಬ್ಬಕ್ಕೆ ಇಳಿದರೆ ಆ ವರ್ಷದ ಸಂಸಾರ ಮುಗಿಯಿತು. 2020ರ ಅಕ್ಟೋಬರಿನಲ್ಲಿ ಇದೇ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಊರುಗಳನ್ನು ಮುಳುಗಿಸಿದ್ದನ್ನು ನಾವು ಕಂಡಿದ್ದೇವೆ. ಬೇಸಿಗೆಯಲ್ಲಿ ಇದೇ ನದಿ ಕಾಲು ತೋಯದಂತೆ ದಾಟುವ ಹಾಗಾಗಿದ್ದನ್ನೂ ಕಂಡಿದ್ದೇವೆ. ಇಷ್ಟು ಅಂತರದ ನಡುವೆ ಎರಡು ಮೊಟ್ಟೆ ಉಳಿಸಿಕೊಳ್ಳಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕ್ಯಾಮೆರಾ ಕೊಂಡ ಮೊದಲ ಬೇಸಿಗೆ. ಉಳುಮೆ ಮಾಡದ ಹೊಲವೊಂದರಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ ಕಂಡವು. ಮಣ್ಣಿನ ಬಣ್ಣದ ಮೇಲೆ ಮಸಿ ಚುಕ್ಕೆ. ಮೂತಿಗಳನ್ನು ಒಳಗೆ ಮಾಡಿ ಹೂವಿನೆಸಳಿನಂತೆ ಜೋಡಿಸಿದ್ದವು. ತಾಯಿ ಹಕ್ಕಿ ಚೀರುತ್ತ ತಲೆಯ ಮೇಲೆ ಎರಗುತ್ತಿತ್ತು. ಆ ಎರಗುವ ಫೋಟೊ ಬೇಕೆಂದು ಅರ್ಧ ಗಂಟೆ ಅಲ್ಲೇ ನಿಂತೆ. ಹೊತ್ತು ಹನ್ನೊಂದು, ನೆಲ ಕಾದ ಹಂಚು. ಅಂಥ ಬಿಸಿಲಿನಲ್ಲಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಅಲ್ಲ, ನೆರಳು ಕೊಡಲು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಣಿಸುವುದೂ ಉಂಟು. ಅದು ನನಗೆ ಆಗ ಗೊತ್ತಿರಲಿಲ್ಲ. ಮರುವಾರ ಹೋದಾಗ ಮೊಟ್ಟೆಗಳು ಅಲ್ಲೇ ಇದ್ದವು, ಹಕ್ಕಿಗಳು ಇರಲಿಲ್ಲ.

ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸಿಲ್ಲ. ಅಂದಿನಿಂದ ಗೂಡಿನ ಕಡೆ ಲೆನ್ಸ್ ತಿರುಗಿಸಿಲ್ಲ.

> ಎರೆಹೊಲದಲ್ಲಿ ಕ್ಯಾಮೆರಾ
>
> ಕಪ್ಪು ಮಣ್ಣು ಕ್ಯಾಮೆರಾದ ಲೆಕ್ಕ ತಪ್ಪಿಸುತ್ತದೆ. ಕತ್ತಲಿದೆ ಎಂದುಕೊಂಡು ಅದು ಬೆಳಕು ಹೆಚ್ಚಿಸುತ್ತದೆ, ಬೂದಿ ಸೆಳೆವ ಬಿಳಿ ಬಟ್ಟೆಯಾಗುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿಟ್ಟುಕೊಳ್ಳಿ.
>
> ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ದೂರದ ಫೋಟೊ ಬೇಡ. ನೆಲದಿಂದೇಳುವ ಬಿಸಿಗಾಳಿ ಎಂಥ ಲೆನ್ಸಿನ ಚಿತ್ರವನ್ನೂ ಕಲಕುತ್ತದೆ. ಬಿಸಿಲ್ಗುದುರೆಗೆ ಯಾವ ಬೆಲೆಯ ಕ್ಯಾಮೆರಾ ಆದರೂ ಒಂದೇ.
>
> ಹಕ್ಕಿಗಳು ಟ್ರ್ಯಾಕ್ಟರಿಗೆ, ಎತ್ತಿನ ಬಂಡಿಗೆ, ಕುರಿಹಿಂಡಿಗೆ ಹೆದರುವುದಿಲ್ಲ. ನೆಟ್ಟಗೆ ನಡೆದು ಬರುವ ಮನುಷ್ಯನಿಗೆ ಹೆದರುತ್ತವೆ. ಕೂತು ಕಾಯಿರಿ.
>
> ಕೂಗು ಕೇಳಿಸಿ ಕರೆಯುವುದು, ಕಲ್ಲೆಸೆದು ಹಾರಿಸುವುದು, ಗೂಡಿನ ಸುತ್ತಲಿನ ಕಡ್ಡಿ ಕೀಳುವುದು ಬೇಡವೇ ಬೇಡ.

ಮಿರಗದ ದಿನ

ಜೂನ್ ಮೊದಲ ವಾರದಲ್ಲಿ ಎಲ್ಲರ ಕುತ್ತಿಗೆ ಮೇಲಕ್ಕೆ. ಮಿರಗದ ಮಳೆ ಬಿದ್ದರೆ ಬಿತ್ತಿಗೆ. ಆ ದಿನಗಳಲ್ಲಿ ಬೇವಿನ ಮರದಿಂದ ಪಿಯೂ ಪಿಯೂ ಎಂದು ಒಂದೇ ಸಮ ಕೂಗು ಕೇಳಿದರೆ ಚಾತಕ ಬಂತು ಎಂದರ್ಥ. ಕಪ್ಪು, ಬಿಳಿ ಮೈ, ತಲೆಯ ಮೇಲೆ ಜುಟ್ಟು. ಮಳೆಹನಿಯನ್ನೇ ಕುಡಿಯುತ್ತದೆ ಎಂಬುದು ಕವಿಗಳ ಮಾತು. ಮಳೆಗಾಳಿಯ ಜೊತೆ ಆಫ್ರಿಕಾದಿಂದ ಕಡಲು ದಾಟಿ ಬರುತ್ತದೆ ಎಂಬುದು ಪಕ್ಷಿತಜ್ಞರ ಮಾತು. ಎರಡನೆಯದೇ ನನಗೆ ಹೆಚ್ಚು ಕಾವ್ಯವಾಗಿ ಕೇಳಿಸುತ್ತದೆ.

ಎರೆಮಣ್ಣಿನಲ್ಲಿ ಮಳೆಗಾಲದ ಛಾಯಾಗ್ರಹಣ ಎಂದರೆ ಚಪ್ಪಲಿಗೆ ಮೂರು ಕಿಲೋ ಮಣ್ಣು. ಬೈಕಿನ ಮಡ್‌ಗಾರ್ಡಿಗೆ ಮಣ್ಣು ಮೆತ್ತಿ ಚಕ್ರ ನಿಲ್ಲುತ್ತದೆ. ಡಾಂಬರು ರಸ್ತೆಯ ಅಂಚಿನಲ್ಲೇ ನಿಂತು ನೋಡಬೇಕು. ಅಷ್ಟೇ ಸಾಕು. ನೆಲಗುಬ್ಬಿ ನೆಟ್ಟಗೆ ಮೇಲೇರಿ, ಹಾಡಿನ ಕೊನೆಯಲ್ಲಿ ಕಲ್ಲಿನಂತೆ ಕೆಳಗೆ ಬಿದ್ದು, ನೆಲ ಮುಟ್ಟುವ ಮುನ್ನ ಮತ್ತೆ ಏಳುತ್ತದೆ. ಬಾವಿಗೆ ಬಾಗಿದ ಜಾಲಿಯ ಕೊಂಬೆಯಲ್ಲಿ ಗೀಜಗನ ಗಂಡು ಅರ್ಧ ನೇಯ್ದ ಗೂಡಿಗೆ ನೇತುಬಿದ್ದು ರೆಕ್ಕೆ ಬಡಿಯುತ್ತದೆ. ಹೆಣ್ಣು ಬಂದು ನೋಡಿ, ಒಪ್ಪಿದರೆ ಮಾತ್ರ ಮುಂದಿನ ಅರ್ಧ. 2009ರಲ್ಲಿ ಸ್ಥಾಪನೆಯಾಗಿ ಈಗ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿಯಲ್ಲಿ ಮಳೆ ನಿಂತ ಸಂಜೆ ನವಿಲು ಕಾಣದೆ ಬಂದವರು ಕಡಿಮೆ.

ಹೋದವರು

ನಮ್ಮ ಕನ್ನಡದ ಹಕ್ಕಿಗಣ್ಣು ಮಲೆನಾಡಿನಲ್ಲಿ ತೆರೆದುಕೊಂಡಿತು. ಮೂಡಿಗೆರೆಯಲ್ಲಿ ಕೂತು ಕ್ಯಾಮೆರಾ ಹಿಡಿದ ಪೂರ್ಣಚಂದ್ರ ತೇಜಸ್ವಿ ಒಂದು ತಲೆಮಾರಿಗೆ ಹಕ್ಕಿ ನೋಡುವುದನ್ನು ಕಲಿಸಿದರು. ಆ ಋಣ ದೊಡ್ಡದು. ಆದರೆ ಹಸಿರು ಇದ್ದರೆ ಮಾತ್ರ ವನ್ಯಜೀವಿ ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿತು. ಬಯಲು ಬರಡು, ಹುಲ್ಲು ಹಾಳು ಎಂದೇ ಸರ್ಕಾರಿ ಕಾಗದವೂ ಬರೆಯಿತು.

ಈ ಸೀಮೆ ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಲೀಂ ಅಲಿ 1931–32ರಲ್ಲಿ ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಆ ಕಾಲದ ದಖ್ಖನ್ನಿನ ಬಯಲಿಗೆ ಒಡೆಯನಂತಿದ್ದ ಹಕ್ಕಿ ಎರೆಭೂತ. ಬಳ್ಳಾರಿ ಕಡೆಯವರು ಅದನ್ನು ಎರ್ಲಡ್ಡು ಎನ್ನುತ್ತಾರೆ. ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಕ, ಎರೆಯ ಮೇಲೆ ನಿಧಾನಕ್ಕೆ ನಡೆಯುವ ಗಾಂಭೀರ್ಯ.

ನಮ್ಮ ಗಡಿಯಾಚೆ ಸೊಲ್ಲಾಪುರದ ನಾನ್ನಜ್‌ನಲ್ಲಿ ಈ ಹಕ್ಕಿಗಾಗಿಯೇ 1979ರಲ್ಲಿ ಅಭಯಾರಣ್ಯವಾಯಿತು. ಮೊದಲ ಘೋಷಣೆಯಲ್ಲಿ ಅದರ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರ್. ಊರು, ಹೊಲ, ರಸ್ತೆ ಎಲ್ಲ ಸೇರಿದ್ದ ಆ ಗೆರೆಯನ್ನು ಆಮೇಲೆ ಸುಮಾರು 1,200ಕ್ಕೆ ಇಳಿಸಿದರು. ಹಕ್ಕಿ ಅದಕ್ಕೂ ವೇಗವಾಗಿ ಇಳಿಯಿತು. ಇವತ್ತು ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಬಹುಪಾಲು ರಾಜಸ್ಥಾನದ ಥಾರ್‌ನಲ್ಲಿ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯವು. ಬೇಟೆ ತಿಂದದ್ದು ಒಂದು ಪಾಲು, ಹುಲ್ಲು ಹೋದದ್ದು ಇನ್ನೊಂದು, ಉಳಿದದ್ದನ್ನು ಈಗ ವಿದ್ಯುತ್ ತಂತಿ ತಿನ್ನುತ್ತಿದೆ. ಭಾರದ ಮೈ, ಮುಂದಿನದು ಸರಿಯಾಗಿ ಕಾಣದ ಕಣ್ಣು. ತಂತಿ ಕಂಡಾಗ ಹೊರಳುವುದು ಅದಕ್ಕೆ ಆಗುವುದಿಲ್ಲ.

ರಣಹದ್ದುಗಳ ಕಥೆ ಗೊತ್ತೇ ಇದೆ. ದನಗಳಿಗೆ ಕೊಟ್ಟ ಡೈಕ್ಲೊಫಿನಾಕ್ ನೋವುನಿವಾರಕ ಹೆಣದ ಮೂಲಕ ಅವುಗಳ ಮೂತ್ರಪಿಂಡ ಕೊಂದಿತು. 2006ರಲ್ಲಿ ಆ ಪಶು ಔಷಧಿಗೆ ನಿಷೇಧ ಬರುವ ಹೊತ್ತಿಗೆ ಆಕಾಶ ಬರಿದಾಗಿತ್ತು.

ಇದ್ದೂ ಇಲ್ಲದಂತಿರುವವನು ತೋಳ. ಕುರಿಹಟ್ಟಿಯ ಸುತ್ತ ರಾತ್ರಿ ಸುಳಿಯುತ್ತದೆ, ಮರಿ ಎಳೆಯುತ್ತದೆ, ಬೈಗುಳ ತಿನ್ನುತ್ತದೆ. ಆದರೂ ಕುರಿಗಾಹಿಗಳಲ್ಲಿ ಅದರ ಬಗ್ಗೆ ಒಂದು ಬಗೆಯ ಲೆಕ್ಕಾಚಾರದ ಸಹನೆ ಇದೆ. ಅದರ ಪಾಲು ಅದಕ್ಕೆ ಎನ್ನುವವರನ್ನು ನಾನು ಕಂಡಿದ್ದೇನೆ. ಚಿಗರಿಯ ವಿಷಯದಲ್ಲಿ ಆ ಸಹನೆ ಕಡಿಮೆಯಾಗುತ್ತಿದೆ, ತಪ್ಪೂ ಅಲ್ಲ. ಮೊಳಕೆಯೊಡೆದ ಕಡಲೆಯ ಕುಡಿಯನ್ನು ಒಂದೇ ರಾತ್ರಿಯಲ್ಲಿ ಹಿಂಡು ಮೇದು ಹೋದರೆ ಎರಡೆಕರೆಯವನಿಗೆ ಸೌಂದರ್ಯ ಕಾಣುವುದಿಲ್ಲ. ಮೇಯಲು ಗಾಯರಾಣ ಉಳಿಸಿದ್ದರೆ ಅದೂ ಹೊಲಕ್ಕೆ ಇಷ್ಟು ಬರುತ್ತಿರಲಿಲ್ಲ. ಹೊಲದವನ ಸಿಟ್ಟು, ಚಿಗರಿಯ ಹಸಿವು ಎರಡರ ಬೇರೂ ಅಲ್ಲೇ ಇದೆ.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಈ ಮೂರು ತಾಲ್ಲೂಕಿಗೆ ಬೇಕಾದ್ದು ಹೊಸ ಕಾಡಲ್ಲ. ಹುಲ್ಲಿನ ಮರಡಿಗೆ ಗುಂಡಿ ತೋಡಿ ಗಿಡ ನೆಟ್ಟು ಹಸಿರು ಮಾಡಿದೆವೆಂದು ಬೋರ್ಡ್ ಹಾಕಿದರೆ ಸೆಳೆವಕ್ಕೆ ರಾತ್ರಿಯ ಹಾಸಿಗೆ ಹೋಯಿತು, ಕುರಿಗೆ ಮೇವು ಹೋಯಿತು, ನೆಲಗುಬ್ಬಿಗೆ ಗೂಡು ಹೋಯಿತು. ದೇಶದ ಭೂಭಾಗದಲ್ಲಿ ಸುಮಾರು ಶೇ 10ರಷ್ಟು ಇಂಥ ತೆರೆದ ಸಹಜ ಬಯಲು ಎಂದು ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದ ನಕ್ಷೆ ಬರೆದು ತೋರಿಸಿದ್ದಾರೆ. ಅದರಲ್ಲಿ ಹೆಚ್ಚಿನದು ಕಾಯ್ದಿಟ್ಟ ಪ್ರದೇಶಗಳ ಹೊರಗೇ ಇದೆ.

> ಹತ್ತಿರದಲ್ಲೇ ನೋಡಲು
>
> ಚಿಂಚೋಳಿ ವನ್ಯಧಾಮ: ಕಲಬುರಗಿ ಜಿಲ್ಲೆಯ ಒಣಕಾಡು. 2011ರಲ್ಲಿ ಘೋಷಣೆ, 134.88 ಚದರ ಕಿ.ಮೀ. ಒಳಗೆ ಚಂದ್ರಂಪಳ್ಳಿ ಜಲಾಶಯ.
>
> ಬೋನಾಳ: ಯಾದಗಿರಿ ಜಿಲ್ಲೆ ಸುರಪುರದ ಹತ್ತಿರದ ಹಳೆಯ ಕೆರೆ. ನೀರುಹಕ್ಕಿಗಳ ತವರು.
>
> ಮಾಗಡಿ ಕೆರೆ: ಗದಗ ಜಿಲ್ಲೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಬೀಡು. ಹಿಮಾಲಯ ದಾಟುವಾಗ ಈ ಹಕ್ಕಿ 7,000 ಮೀಟರ್ ಮೀರಿದ ಎತ್ತರದಲ್ಲಿ ಹಾರಿದ ದಾಖಲೆ ಇದೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಬಂತು.
>
> ಪಕ್ಷಿ ಗಣತಿ: ಫೆಬ್ರುವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಹದಿನೈದು ನಿಮಿಷ, ಒಂದು ಮೊಬೈಲ್ ಸಾಕು. ಮನೆಯ ಅಂಗಳದಿಂದಲೇ ಎಣಿಸಬಹುದು.

ಮತ್ತೆ ತೊಗರಿ ಹೂವು

ದಸರೆಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ತೊಗರಿ ಸೊಂಟದ ಮಟ್ಟ ಏರಿರುತ್ತದೆ. ಹಿಂಗಾರಿ ಜೋಳದ ಕೂರಿಗೆ ಹೂಡಿದ ಹೊಲಗಳಲ್ಲಿ ಎತ್ತಿನ ಹಿಂದೆ ಬೆಳ್ಳಕ್ಕಿ ಸಾಲು. ಮಿಡತೆಗಳು ಕಾಲಿಟ್ಟಲ್ಲೆಲ್ಲ ಚಿಮ್ಮುತ್ತವೆ. ನೆಂಟರಿಗೆ ಅಡುಗೆ ತಯಾರಾಗಿದೆ ಎಂದರ್ಥ.

ನಾನು ದಿನಾ ಸಂಜೆ ಮರಡಿಯ ಕಡೆ ಹೋಗತೊಡಗುತ್ತೇನೆ. ಈ ಸಲ ಹುಲ್ಲು ಚೆನ್ನಾಗಿ ಬೆಳೆದಿದೆ. ಒಂದು ಮೂಲೆಯಲ್ಲಿ ಮಾತ್ರ ಜೆಸಿಬಿ ಮೊರಂ ಬಗೆದ ತಗ್ಗು, ಹೋದ ವರ್ಷ ಇರಲಿಲ್ಲ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಒಂದು ಗಿಡುಗ, ಊರಿನದೇ. ಹೀಗೆ ಒಂಬತ್ತು ಸಂಜೆ.

ಹತ್ತನೆಯ ದಿನ ಕೆಲಸದಿಂದ ತಡವಾಗಿ ಹೊರಟೆ. ಊರ ಹೊರಗೆ ದಾರಿಯಲ್ಲೇ ಕುರಿಗಾಹಿ ಸಿಕ್ಕ, ಅಂಗೈ ಮೇಲಿನ ಉಂಡೆಯಲ್ಲಿ ಮಿಡತೆಯ ಕಾಲು ನೋಡಿದವನೇ. ಹಿಂಡು ಮುಂದೆ ಹೋಗಿತ್ತು, ಅವನು ನನಗಾಗಿ ನಿಂತಿದ್ದ. ಕೋಲನ್ನು ಬಗಲಿಗಿಟ್ಟು ಎರಡು ಬೆರಳೆತ್ತಿದ.

‘ಎರಡು ಬಂದಾವ್ರಿ. ಒಂದು ಬೂದಿ, ಒಂದು ಕಂದು. ಹುಲ್ಲಿನ್ಯಾಗ ಇಳ್ದಾವ. ಕುರಿ ಆ ಕಡಿ ಹೊಡ್ದಿಲ್ಲ ನಾ. ನೀವೂ ಗಾಡಿ ಇಲ್ಲೇ ಬಿಟ್ಟು ನಡೀರಿ.’